ನೆಲ ಹಾಕಿಸುವ ಮುನ್ನ ಲೆಕ್ಕ ಹಾಕಿರಿ



ಸುಗ್ಗಿ ಮುಗಿದು ರಾಗಿ, ಭತ್ತ, ತೊಗರಿ ಮಾರಿದ ಹಣ ಕೈಗೆ ಬಂದೊಡನೆ ಹೋಬಳಿ ಊರುಗಳಲ್ಲಿ ಎರಡು ಅಂಗಡಿಗಳ ಮುಂದೆ ಟ್ರ್ಯಾಕ್ಟರುಗಳು ಸಾಲುಗಟ್ಟುತ್ತವೆ. ಒಂದು ಗೊಬ್ಬರದ ಅಂಗಡಿ, ಇನ್ನೊಂದು ಟೈಲ್ಸ್ ಅಂಗಡಿ. ಮಗಳ ಮದುವೆ ಗೊತ್ತಾಗಿದೆ, ಮಗ ಪಟ್ಟಣದಿಂದ ಸೊಸೆಯನ್ನು ಕರೆತರುತ್ತಾನೆ, ಪಕ್ಕದ ಮನೆಯವರು ಹೋದ ವರ್ಷವೇ ಹಾಕಿಸಿದ್ದಾರೆ. ಹೀಗೆ ಒಂದಲ್ಲ ಒಂದು ಕಾರಣಕ್ಕೆ ಮನೆಯ ಹಳೆಯ ನೆಲ ಕಿತ್ತು ಹೊಸ ನೆಲ ಹಾಕಿಸುವ ಮಾತು ಬರುತ್ತದೆ. ಬರುವುದು ತಪ್ಪೂ ಅಲ್ಲ. ಹೊಲದಲ್ಲಿ ದುಡಿದು ಬಂದವನಿಗೆ ಒಣಗಿದ, ಶುಭ್ರವಾದ ನೆಲದ ಮೇಲೆ ಕುಳಿತು ಉಣ್ಣುವ ಹಕ್ಕು ಖಂಡಿತ ಇದೆ.

ಆದರೆ ಬಿತ್ತನೆಗೆ ಮುಂಚೆ ಬೀಜ, ಗೊಬ್ಬರ, ಆಳುಗಳ ಲೆಕ್ಕ ಹಾಕುವ ರೈತನೇ ನೆಲ ಹಾಕಿಸುವಾಗ ಯಾವ ಲೆಕ್ಕವನ್ನೂ ಹಾಕದೆ ಅಂಗಡಿಗೆ ಹೋಗುತ್ತಾನೆ. ಅಂಗಡಿಯವರು ತೋರಿಸಿದ ಹೊಳಪು ನೋಡಿ ಆರಿಸುತ್ತಾನೆ. ಮೇಸ್ತ್ರಿ ಹೇಳಿದಷ್ಟು ಸಿಮೆಂಟು ತರುತ್ತಾನೆ. ಕೊನೆಗೆ ಖರ್ಚು ಎಣಿಸಿದ್ದಕ್ಕಿಂತ ಮೇಲೇರಿ ಮುಂಗಾರಿನ ಬೀಜಕ್ಕೆ ಇಟ್ಟ ಹಣವೂ ಕರಗುತ್ತದೆ. ಆದುದರಿಂದ ಈ ವಾರ ಬೆಳೆಯ ವಿಷಯ ಬದಿಗಿಟ್ಟು, ಬೆಳೆದದ್ದನ್ನು ಇಡುವ ಹಾಗೂ ಬೆಳೆದವನು ಮಲಗುವ ನೆಲದ ವಿಷಯವನ್ನು ವಿಚಾರ ಮಾಡೋಣ.

ಮೊದಲು ಹಣದ ಮಾತು

ನೆಲಕ್ಕೆ ಸುರಿದ ಹಣ ಮರಳಿ ಬರುವ ಹಣವಲ್ಲ. ಹಸು ಕೊಂಡರೆ ಹಾಲು ಬರುತ್ತದೆ, ಹನಿ ನೀರಾವರಿಗೆ ಹಾಕಿದರೆ ಇಳುವರಿ ಬರುತ್ತದೆ. ನೆಲದಿಂದ ಬರುವುದು ಸುಖ ಮತ್ತು ಆರೋಗ್ಯ ಮಾತ್ರ. ಅವೂ ಬೇಕಾದವುಗಳೇ, ಆದರೆ ಅವುಗಳಿಗೆ ಉಳಿತಾಯದ ಹಣ ಸಲ್ಲಬೇಕೇ ಹೊರತು ಬೆಳೆಸಾಲದ ಹಣವಲ್ಲ. ಸಹಕಾರ ಸಂಘದಲ್ಲಿ ದೊರೆಯುವ ಬೆಳೆಸಾಲದ ಬಡ್ಡಿ ರಿಯಾಯಿತಿ ಗಡುವಿನೊಳಗೆ ಮರುಪಾವತಿ ಮಾಡಿದವರಿಗೆ ಮಾತ್ರ ಎಂಬುದು ತಮಗೆ ತಿಳಿದೇ ಇದೆ. ಸಾಲದ ಹಣ ನಡುಮನೆಯ ಟೈಲ್ಸ್ ಆಗಿ ಕುಳಿತರೆ, ಮಳೆ ಕೈಕೊಟ್ಟ ವರ್ಷ ಗಡುವು ತಪ್ಪುತ್ತದೆ, ರಿಯಾಯಿತಿಯೂ ತಪ್ಪುತ್ತದೆ.

ಇನ್ನು ಮನೆ ಬಾಗಿಲಿಗೇ ಬಂದು ಕೊಡುವ ವಾರದ ಕಂತಿನ ಸಾಲದ ವಿಷಯ. ವಸೂಲಿಯ ಕಿರುಕುಳ ಎಷ್ಟು ಮಿತಿ ಮೀರಿತೆಂದರೆ, 2025ರ ಫೆಬ್ರುವರಿಯಲ್ಲಿ ನಮ್ಮ ರಾಜ್ಯ ಸರಕಾರ ಅದನ್ನು ತಡೆಯಲು ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ನೆಲದ ಹೊಳಪಿಗಾಗಿ ಅಂತಹ ಸಾಲಕ್ಕೆ ಕೈಯೊಡ್ಡುವುದು ಜಾಣತನವಲ್ಲ. ಕೈಯಲ್ಲಿರುವ ಹಣ ಇಡೀ ಮನೆಗೆ ಸಾಲದಿದ್ದರೆ ಈ ವರ್ಷ ಎರಡು ಕೋಣೆ, ಮುಂದಿನ ಸುಗ್ಗಿಗೆ ಇನ್ನೆರಡು ಎಂದು ಮಾಡಬಹುದು. ನೆಲದ ಕೆಲಸವನ್ನು ಕೋಣೆಕೋಣೆಯಾಗಿ ಮಾಡಿಸಲು ಯಾವ ಅಡ್ಡಿಯೂ ಇಲ್ಲ.

ಯಾವ ಕೋಣೆ ಮೊದಲು?

ಇಲ್ಲಿಯೇ ನಮ್ಮಲ್ಲಿ ಬಹಳ ಮಂದಿ ಎಡವುವುದು. ನೆಂಟರ ಕಣ್ಣಿಗೆ ಬೀಳುವ ನಡುಮನೆಗೆ ಮೊದಲು ಹಣ ಸುರಿದು, ಕಾಳಿನ ಕೋಣೆಯನ್ನೂ ಬಚ್ಚಲನ್ನೂ ಹಾಗೆಯೇ ಬಿಡುತ್ತಾರೆ. ಹಳ್ಳಿಗಳಲ್ಲಿ ಓಡಾಡುವಾಗ ಮುಖ ಕಾಣುವಂತಹ ನಡುಮನೆಯನ್ನೂ, ಅದರ ಹಿಂದೆಯೇ ಇಲಿ ಬಿಲ ತೋಡಿದ, ತೇವ ಒಸರುವ ಕಾಳಿನ ಕೋಣೆಯನ್ನೂ ಒಂದೇ ಮನೆಯಲ್ಲಿ ಮತ್ತೆ ಮತ್ತೆ ಕಾಣುತ್ತಿದ್ದೇವೆ. ಆರು ತಿಂಗಳ ದುಡಿಮೆ ಅಲ್ಲಿ ಮೂಟೆಯಲ್ಲಿ ಕುಳಿತು ಮುಗ್ಗುತ್ತಿರುತ್ತದೆ.

ನಮ್ಮ ಸಲಹೆ ಹೀಗಿದೆ: ಮೊದಲು ಕಾಳಿನ ಕೋಣೆ, ಅನಂತರ ಬಚ್ಚಲು ಮತ್ತು ಅಡುಗೆ ಮನೆ, ಆಮೇಲೆ ಮಲಗುವ ಕೋಣೆ, ನಡುಮನೆ ಮತ್ತು ಜಗುಲಿ ಕೊನೆಗೆ.

ಕಾರಣ ಸರಳವಾದುದು. ರಾಗಿ, ಭತ್ತ, ಜೋಳಗಳನ್ನು ಬಹುಕಾಲ ಇಡಬೇಕಾದರೆ ತೇವಾಂಶ ಸುಮಾರು ಶೇಕಡಾ 12ಕ್ಕೆ ಇಳಿದಿರಬೇಕು. ಕಡಲೆಕಾಯಿಗಾದರೆ ಶೇಕಡಾ 8ರ ಆಸುಪಾಸು. ಕಣದಲ್ಲಿ ಕಷ್ಟಪಟ್ಟು ಒಣಗಿಸಿ ತಂದ ಕಾಳನ್ನು ಒಸರುವ ನೆಲದ ಮೇಲೆ ನೇರವಾಗಿ ಪೇರಿಸಿದರೆ ಅಡಿಯ ಮೂಟೆ ನೆಲದ ತೇವವನ್ನು ಹೀರಿಕೊಳ್ಳುತ್ತದೆ. ಬೂಷ್ಟು ಹಿಡಿಯುತ್ತದೆ, ಹುಳು ಬೀಳುತ್ತದೆ. ಕಡಲೆಕಾಯಿ ಮತ್ತು ಮೆಕ್ಕೆಜೋಳದಲ್ಲಿ ಬೆಳೆಯುವ ಒಂದು ಬಗೆಯ ಬೂಷ್ಟು ಅಫ್ಲಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡುತ್ತದೆ. ಅದು ಮನುಷ್ಯನ ಯಕೃತ್ತಿಗೆ ಕೇಡು. ಅಂತಹ ಕಾಳನ್ನೋ ಹಿಂಡಿಯನ್ನೋ ಹಸುವಿಗೆ ತಿನ್ನಿಸಿದರೆ ವಿಷದ ಅಂಶ ಹಾಲಿಗೂ ಇಳಿಯುತ್ತದೆ. ನೆಲ ಎಷ್ಟೇ ಚೆನ್ನಾಗಿದ್ದರೂ ಮೂಟೆಯನ್ನು ಬರಿ ನೆಲದ ಮೇಲೆ ಇಡಬಾರದು. ಅಡಿಗೆ ಮರದ ಹಲಗೆ ಇಟ್ಟು, ಗೋಡೆಯಿಂದ ಒಂದೂವರೆ ಅಡಿ ಬಿಟ್ಟು ಪೇರಿಸುವುದು ಕ್ಷೇಮ.

ಬಚ್ಚಲು ಎರಡನೆಯದಾಗಿ ಏಕೆ? ಮನೆಯ ಹಿರಿಯರು ಬೀಳುವುದು ಅಲ್ಲಿಯೇ. ಇಳಿವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದರೆ ಆಸ್ಪತ್ರೆಯ ಖರ್ಚು ನೆಲದ ಖರ್ಚನ್ನು ಮೀರುತ್ತದೆ; ಎಷ್ಟೋ ಮಂದಿ ಮತ್ತೆ ಮೊದಲಿನಂತೆ ನಡೆದಾಡುವುದೇ ಇಲ್ಲ. ಒದ್ದೆ ಕಾಲಿಗೆ ಹೊಳಪಿನ ಟೈಲ್ಸ್ ಎಂದರೆ ಪಾಚಿ ಕಟ್ಟಿದ ಕಲ್ಲಿದ್ದಂತೆ. ಬಚ್ಚಲಿಗೆ, ಹಿತ್ತಲ ಬಾಗಿಲಿಗೆ, ಮಳೆ ಎರಚಲು ಹೊಡೆಯುವ ಜಗುಲಿಗೆ ತರಿತರಿಯಾದ ಮೇಲ್ಮೈಯ ಕಲ್ಲು ಅಥವಾ ಜಾರದ ಟೈಲ್ಸ್ ಅಲ್ಲದೆ ಬೇರೆ ಯಾವುದನ್ನೂ ಹಾಕಿಸಬೇಡಿ.

ಮೇಲಿನದಕ್ಕಿಂತ ಕೆಳಗಿನದು ಮುಖ್ಯ

ಹೊಲದಲ್ಲಿ ಮಣ್ಣು ನೋಡದೆ ಬೀಜ ಹಾಕುವವರುಂಟೇ? ನೆಲಕ್ಕೂ ಅದೇ ನ್ಯಾಯ. ಟೈಲ್ಸ್ ಬಿರಿಯುವುದಕ್ಕೆ, ಕುಸಿಯುವುದಕ್ಕೆ ಹೆಚ್ಚಿನ ಸಲ ಟೈಲ್ಸ್ ಕಾರಣವಲ್ಲ. ಅದರ ಕೆಳಗಿನ ಮಣ್ಣು ಕಾರಣ.

ಎರೆಭೂಮಿಯ ಊರುಗಳವರು ವಿಶೇಷ ಎಚ್ಚರ ವಹಿಸಬೇಕು. ಎರೆಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಬೇಸಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಅದರ ಮೇಲೆ ನೇರವಾಗಿ ಕಾಂಕ್ರೀಟು ಹಾಕಿದರೆ ಎರಡು ಮಳೆಗಾಲದಲ್ಲಿ ಸೀಳು ಕಾಣುತ್ತದೆ. ಪಾಯದೊಳಗಿನ ಎರೆಮಣ್ಣನ್ನು ಆದಷ್ಟೂ ಆಳಕ್ಕೆ ತೆಗೆದು ಗರಸು ಅಥವಾ ಮರಳು ತುಂಬಬೇಕು. ಕೆಂಪುಮಣ್ಣಿನ ಕಡೆ ಇಷ್ಟು ಕಷ್ಟವಿಲ್ಲ; ಆದರೆ ಅಲ್ಲಿಯೂ ಮಣ್ಣನ್ನು ಅರ್ಧ ಅಡಿಯ ಪದರಗಳಾಗಿ ತುಂಬಿ, ಪ್ರತಿ ಪದರಕ್ಕೂ ನೀರು ಹಾಕಿ, ದಿಮ್ಮಸಿನಿಂದ ಬಡಿದು ಗಟ್ಟಿ ಮಾಡಬೇಕು. ಒಂದೇ ಸಲ ಎರಡು ಅಡಿ ಮಣ್ಣು ಸುರಿದು ಮೇಲೆ ಮಾತ್ರ ತುಳಿದರೆ ಒಳಗೆ ಟೊಳ್ಳು ಉಳಿಯುತ್ತದೆ.

ಗೆದ್ದಲಿನ ಗೂಡು, ಇಲಿಯ ಬಿಲ ಕಂಡುಬಂದರೆ ಮುಚ್ಚಿ ಮುಂದೆ ಹೋಗಬಾರದು. ಗೂಡನ್ನು ಬುಡಸಮೇತ ಅಗೆದು ತೆಗೆಯಬೇಕು. ಬಿಲಕ್ಕೆ ಗಾಜಿನ ಚೂರು, ಜಲ್ಲಿ, ಸಿಮೆಂಟು ಸೇರಿಸಿ ಗಟ್ಟಿಯಾಗಿ ತುಂಬಬೇಕು.

ನೆಲದಲ್ಲಿ ತೇವ ಏರುತ್ತಿದೆಯೇ ಎಂದು ತಿಳಿಯಲು ಒಂದು ಸುಲಭ ಪರೀಕ್ಷೆ ಇದೆ. ಎರಡು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಹಾಸಿ ನಾಲ್ಕೂ ಅಂಚನ್ನು ಗಾಳಿಯಾಡದಂತೆ ಅಂಟುಪಟ್ಟಿಯಿಂದ ಮುಚ್ಚಿರಿ. ಒಂದು ಹಗಲು ಒಂದು ರಾತ್ರಿ ಕಳೆದು ತೆಗೆದಾಗ ಅಡಿಯಲ್ಲಿ ಹನಿ ಕಂಡರೆ ಅಥವಾ ನೆಲದ ಬಣ್ಣ ಕಪ್ಪಾಗಿದ್ದರೆ ತೇವ ಏರುತ್ತಿದೆ ಎಂದರ್ಥ. ಅಂತಹ ಕಡೆ ಹಳೆಯ ನೆಲದ ಮೇಲೆಯೇ ಹೊಸದು ಹಾಕಬೇಡಿ. ಕಿತ್ತು, ಗುಂಡುಕಲ್ಲು ಅಥವಾ ದಪ್ಪ ಜಲ್ಲಿಯ ಪದರ ಹಾಕಿ, ಸಂದುಗಳಿಗೆ ಮರಳು ತುಂಬಿ, ಮೇಲೆ ದಪ್ಪನೆಯ ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆ ಕಾಂಕ್ರೀಟು ಹಾಕಬೇಕು. ಮಾಡಿನ ನೀರು ಗೋಡೆಯ ಬುಡಕ್ಕೇ ಬೀಳುತ್ತಿದ್ದರೆ ಮೊದಲು ಆ ನೀರನ್ನು ದೂರ ಸಾಗಿಸಿರಿ. ಹೊರಗಿನ ನೀರಿಗೆ ದಾರಿ ಮಾಡದೆ ಒಳಗಿನ ನೆಲ ಒಣಗದು.

ಎತ್ತರದ ವಿಷಯವನ್ನೂ ಇಲ್ಲಿಯೇ ನಿರ್ಧರಿಸಬೇಕು. ಹಳೆಯ ನೆಲದ ಮೇಲೆ ಗಾರೆ ಮತ್ತು ಟೈಲ್ಸ್ ಕೂಡಿದರೆ ಸುಮಾರು ಎರಡು ಅಂಗುಲ ಏರುತ್ತದೆ. ಬಾಗಿಲುಗಳು ತೆರೆಯದೆ ಕೆಳಗೆ ಕೊಯ್ಯಬೇಕಾಗುತ್ತದೆ, ಹೊಸ್ತಿಲು ಹೂತುಹೋಗುತ್ತದೆ, ಬಚ್ಚಲಿನ ನೆಲ ತಗ್ಗಿನಲ್ಲೋ ಎತ್ತರದಲ್ಲೋ ಉಳಿಯುತ್ತದೆ. ಬಚ್ಚಲಿನ ನೆಲ ಉಳಿದ ನೆಲಕ್ಕಿಂತ ಒಂದು ಅಂಗುಲವಾದರೂ ತಗ್ಗಿರಲಿ. ಅದಕ್ಕೆ ಪ್ರತಿ ಅಡಿಗೆ ಕಾಲು ಅಂಗುಲದಂತೆ ನೀರು ಹೋಗುವ ಕಡೆಗೆ ವಾಟ ಕೊಡಿಸಿರಿ.

ಯಾವ ನೆಲ ಯಾರಿಗೆ?

ಸಗಣಿ ಸಾರಿಸಿದ ಮಣ್ಣಿನ ನೆಲ ಕಾಲಿಗೆ ಹಿತ. ಆದರೆ ವಾರವಾರವೂ ಸಾರಿಸುವ ಶ್ರಮ ಮನೆಯ ಹೆಣ್ಣುಮಕ್ಕಳದು. ತೇವ, ಇಲಿ, ಗೆದ್ದಲುಗಳಿಗೆ ಅದು ತಡೆಯೊಡ್ಡುವುದಿಲ್ಲ. ಕಾಳಿನ ಕೋಣೆಗೆ ಅದು ಸಲ್ಲದು.

ಸಿಮೆಂಟು ಕಾಂಕ್ರೀಟಿನ ನೆಲ ಕಡಿಮೆ ಖರ್ಚಿನದು, ಗಟ್ಟಿಯಾದದ್ದು. ಕಾಳಿನ ಕೋಣೆಗೂ ರೇಷ್ಮೆಹುಳು ಸಾಕುವ ಮನೆಗೂ ಹೇಳಿ ಮಾಡಿಸಿದ್ದು. ತಳದ ಕಾಂಕ್ರೀಟಿನ ಮೇಲೆ ಒಂದು ಪಾಲು ಸಿಮೆಂಟು, ಎರಡು ಪಾಲು ಮರಳು, ನಾಲ್ಕು ಪಾಲು ಸಣ್ಣ ಜಲ್ಲಿಯ ಮಿಶ್ರಣವನ್ನು ಒಂದೂವರೆ ಅಂಗುಲ ದಪ್ಪ ಹಾಕುವುದು ರೂಢಿ. ಇಡೀ ಕೋಣೆಯನ್ನು ಒಂದೇ ಹಾಸಾಗಿ ಹಾಕಿದರೆ ಬಿರಿಯುತ್ತದೆ. ಬದಿಗೆ ನಾಲ್ಕು ಅಡಿ ಮೀರದ ಚೌಕಗಳಾಗಿ ಭಾಗ ಮಾಡಿ, ಚೌಕಾಬಾರದ ಮನೆಗಳಂತೆ ಒಂದು ಬಿಟ್ಟು ಒಂದು ಹಾಕಿಸಿರಿ.

ಕೆಂಪು ರೆಡ್ ಆಕ್ಸೈಡ್ ನೆಲ ನಮ್ಮ ಹಿರಿಯರ ಮನೆಗಳಲ್ಲಿ ಈಗಲೂ ಮಿರುಗುತ್ತಿರುವುದನ್ನು ನೋಡಿದ್ದೀರಿ. ಖರ್ಚು ಕಡಿಮೆ, ಬರಿಗಾಲಿಗೆ ತಂಪು, ಬಳಸಿದಷ್ಟೂ ನಯ. ಆದರೆ ಅದಕ್ಕೆ ಕೈ ಪಳಗಿದ ಗಾರೆಯವನು ಬೇಕು. ಅಂಥವರು ಈಗ ವಿರಳ. ಒಂದು ಕೋಣೆಗೆ ಬೇಕಾಗುವ ಸಿಮೆಂಟು ಮತ್ತು ಬಣ್ಣವನ್ನು ಒಂದೇ ಸಲ ಒಣದಾಗಿ ಬೆರೆಸಿಟ್ಟುಕೊಳ್ಳದಿದ್ದರೆ ಬಣ್ಣ ಒಂದೊಂದು ಕಡೆ ಒಂದೊಂದು ರೀತಿ ಬರುತ್ತದೆ. ಬಣ್ಣ ಅತಿಯಾದರೆ ಮೇಲ್ಪದರದ ಬಲ ಕುಗ್ಗುತ್ತದೆ. ಆ ಗಾರೆಯವನು ಹಿಂದೆ ಹಾಕಿದ ನೆಲವೊಂದನ್ನು ಕಣ್ಣಾರೆ ನೋಡಿಯೇ ಕೆಲಸ ಒಪ್ಪಿಸಿರಿ.

ಶಹಾಬಾದ ಕಲ್ಲು ಕಲಬುರಗಿ ಜಿಲ್ಲೆಯ ಸುಣ್ಣಕಲ್ಲು. ಆ ಭಾಗದವರಿಗೆ ಸಾಗಾಟದ ಖರ್ಚು ಕಡಿಮೆಯಾದುದರಿಂದ ಇದಕ್ಕಿಂತ ಅಗ್ಗವೂ ಗಟ್ಟಿಯೂ ಆದ ನೆಲ ಬೇರೆ ಸಿಗುವುದು ಕಷ್ಟ. ಮೂಟೆ ಎಳೆದಾಡಿದರೂ ಹಾರೆ ಬಿದ್ದರೂ ತಡೆಯುತ್ತದೆ. ಜೋಪಾನವಾಗಿ ಎಬ್ಬಿಸಿದರೆ ಮತ್ತೊಂದು ಕಡೆ ಹಾಕಬಹುದು. ಆದರೆ ಸುಣ್ಣಕಲ್ಲಾದ್ದರಿಂದ ಹುಳಿ ಇದಕ್ಕೆ ಆಗದು: ಹುಣಸೆ ರಸ, ನಿಂಬೆ ರಸ ಚೆಲ್ಲಿ ಹಾಗೆಯೇ ಬಿಟ್ಟರೆ ಕಲೆ ಬೀಳುತ್ತದೆ. ಆಮ್ಲ ಹಾಕಿ ತೊಳೆಯಲೇಬಾರದು. ಇಳಕಲ್ಲಿನ ಗುಲಾಬಿ ಬಣ್ಣದ ಗ್ರಾನೈಟ್, ಚಾಮರಾಜನಗರದ ಕಡೆಯ ಕಪ್ಪು ಗ್ರಾನೈಟ್ ಹುಳಿಗೂ ಸವೆತಕ್ಕೂ ಜಗ್ಗವು, ಬೆಲೆ ಹೆಚ್ಚು. ಅಡುಗೆ ಮನೆಯ ಕಟ್ಟೆಗೆ, ಮೆಟ್ಟಿಲಿಗೆ ಮಾತ್ರ ಅವನ್ನು ಬಳಸಿ ಹಣ ಉಳಿಸಬಹುದು.

ವಿಟ್ರಿಫೈಡ್ ಟೈಲ್ಸ್ ನೀರನ್ನು ಹೀರುವುದಿಲ್ಲ, ಒರೆಸಲು ಸುಲಭ, ಕೆಲಸ ಬೇಗ ಮುಗಿಯುತ್ತದೆ. ಮಲಗುವ ಕೋಣೆಗೂ ನಡುಮನೆಗೂ ಒಪ್ಪುತ್ತದೆ. ಆದರೆ ಅಡಿಯಲ್ಲಿ ಟೊಳ್ಳಿದ್ದ ಕಡೆ ಒನಕೆಯೋ ಗುದ್ದಲಿಯೋ ಬಿದ್ದರೆ ಒಡೆಯುತ್ತದೆ. ಕಾಲಿನ ಮಣ್ಣು, ಮರಳು ಹೊತ್ತು ತರುವ ಮನೆಗಳಲ್ಲಿ ಹೊಳಪು ಬೇಗ ಮಾಸುತ್ತದೆ. ಹೊಳಪಿಲ್ಲದ ಬಗೆಯನ್ನೇ ಕೇಳಿ ಪಡೆಯಿರಿ. ಗೋಡೆಗೆಂದು ಮಾಡಿದ ತೆಳು ಟೈಲ್ಸ್ ಅಗ್ಗವೆಂದು ನೆಲಕ್ಕೆ ಹಾಕಬೇಡಿ.

ಇಷ್ಟೆಲ್ಲ ವಿಚಾರ ಮಾಡಿದ ಮೇಲೆ ಒಂದು ಮಾತು: ಮನೆಯಲ್ಲಿ ನೆಲ ಗುಡಿಸಿ ಒರೆಸುವವರು ಯಾರೋ ಅವರನ್ನೊಮ್ಮೆ ಕೇಳಿ. ಅಂಗಡಿಗೆ ಹೋಗುವ ದಿನ ಅವರೂ ಜೊತೆಗಿರಲಿ.

ಅಳತೆ ಮತ್ತು ಲೆಕ್ಕ

ಒಂದು ನೋಟ್‌ಬುಕ್ಕು, ಒಂದು ಅಳತೆ ಟೇಪು ಸಾಕು. ಗೋಡೆಯಿಂದ ಗೋಡೆಗೆ ಒಳ ಅಳತೆ ತೆಗೆಯಿರಿ. ಉದಾಹರಣೆಗೆ: ನಡುಮನೆ 12 ಅಡಿಗೆ 15, ಅಂದರೆ 180 ಚದರ ಅಡಿ, ಮಲಗುವ ಕೋಣೆ 10ಕ್ಕೆ 12, 120, ಕಾಳಿನ ಕೋಣೆಯೂ ಅಷ್ಟೇ, 120, ಅಡುಗೆ ಮನೆ 8ಕ್ಕೆ 10, 80, ಜಗುಲಿ 6ಕ್ಕೆ 20, 120. ಒಟ್ಟು 620 ಚದರ ಅಡಿ.

ತಳದ ಕಾಂಕ್ರೀಟು 4 ಅಂಗುಲ ದಪ್ಪ, ಒಂದಕ್ಕೆ ನಾಲ್ಕು ಮರಳು, ಎಂಟು ಜಲ್ಲಿಯ ಪ್ರಮಾಣದಲ್ಲಾದರೆ ಪ್ರತಿ 100 ಚದರ ಅಡಿಗೆ 50 ಕಿಲೋ ತೂಕದ ಸಿಮೆಂಟು ಮೂರರಿಂದ ಮೂರೂವರೆ ಮೂಟೆ, ಮರಳು ಸುಮಾರು 16 ಘನ ಅಡಿ, ಜಲ್ಲಿ ಸುಮಾರು 32 ಘನ ಅಡಿ ಬೇಕು. ಟೈಲ್ಸ್ ಅಡಿಯ ಗಾರೆ ಒಂದು ಅಂಗುಲ ದಪ್ಪ, ಒಂದಕ್ಕೆ ಆರರ ಪ್ರಮಾಣದಲ್ಲಾದರೆ 100 ಚದರ ಅಡಿಗೆ ಒಂದೂಕಾಲು ಮೂಟೆ. ಮೇಸ್ತ್ರಿ ಇದರ ಎರಡರಷ್ಟು ಹೇಳಿದರೆ ಕಾರಣ ಕೇಳಿರಿ. ನೆಲ ಏರುಪೇರಾಗಿದ್ದರೆ ಹೆಚ್ಚು ಬೇಕಾಗುವುದುಂಟು.

ಎರಡು ಅಡಿ ಚೌಕವೆಂದು ಮಾರುವ ಟೈಲ್ಸ್ ನಿಜಕ್ಕೂ 60 ಸೆಂಟಿಮೀಟರ್ ಚೌಕದ್ದು. ನಾಲ್ಕು ಟೈಲ್ಸಿನ ಪೆಟ್ಟಿಗೆ ಹದಿನೈದೂವರೆ ಚದರ ಅಡಿ ಮುಚ್ಚುತ್ತದೆಯೇ ಹೊರತು 16 ಅಲ್ಲ. ಮೇಲಿನ ನಡುಮನೆಗೆ ಗೋಡೆಯ ಬುಡದ ನಾಲ್ಕು ಅಂಗುಲದ ಪಟ್ಟಿಗೆಂದು ಬಾಗಿಲುಗಳನ್ನು ಬಿಟ್ಟು 16 ಚದರ ಅಡಿ ಕೂಡಿಸಿದರೆ 196. ಕೊಯ್ದು ಹಾಳಾಗುವುದಕ್ಕೆ ಶೇಕಡಾ 8 ಸೇರಿಸಿದರೆ ಸುಮಾರು 212. ಅಂದರೆ 14 ಪೆಟ್ಟಿಗೆ. ಮುಂದೆ ಒಡೆದರೆ ಅದೇ ಬಣ್ಣ ಸಿಗದಾದ್ದರಿಂದ ಒಂದು ಪೆಟ್ಟಿಗೆ ಹೆಚ್ಚು ತಂದು ಅಟ್ಟದ ಮೇಲಿಡಿ. ಎಲ್ಲ ಪೆಟ್ಟಿಗೆಗಳ ಮೇಲೂ ಒಂದೇ ತಯಾರಿಕಾ ಸಂಖ್ಯೆ ಇದೆಯೇ ಎಂದು ಅಂಗಡಿಯಲ್ಲಿಯೇ ನೋಡಿಕೊಳ್ಳಿ.

ಇವುಗಳ ಮುಂದೆ ತಮ್ಮ ಊರಿನ ದರ ಬರೆಯಿರಿ. ಸಾಗಾಟ, ಇಳಿಸುವ ಕೂಲಿ, ಹಳೆಯ ನೆಲ ಕೀಳುವ ಕೂಲಿ, ಬಾಗಿಲು ಕೊಯ್ಯುವ ಬಡಗಿಯ ಕೂಲಿ ಮರೆಯಬೇಡಿ. ಕೊನೆಗೆ ಬಂದ ಮೊತ್ತಕ್ಕೆ ಹತ್ತನೇ ಒಂದು ಭಾಗ ಕೂಡಿಸಿರಿ. ಅಷ್ಟು ಹಣ ಕೈಯಲ್ಲಿದ್ದರೆ ಮಾತ್ರ ಹಾರೆ ಎತ್ತಿರಿ. ಒಂದೇ ಊರಿನ ಮೂರು ನಾಲ್ಕು ಮನೆಯವರು ಕೂಡಿ ಒಂದೇ ಲಾರಿಯಲ್ಲಿ ತರಿಸಿದರೆ ಸಾಗಾಟದಲ್ಲಿ ಉಳಿತಾಯ; ದರದಲ್ಲಿಯೂ ಚೌಕಾಸಿಗೆ ಅವಕಾಶ.

ಕೆಲಸ ನಡೆಯುವಾಗ

ಆಳು ಮಾಡಿದ್ದು ಹಾಳು, ಮಗ ಮಾಡಿದ್ದು ಮಧ್ಯಮ, ತಾನು ಮಾಡಿದ್ದು ಉತ್ತಮ ಎಂಬ ಗಾದೆ ಬೇಸಾಯಕ್ಕೆ ಮಾತ್ರ ಹೇಳಿದ್ದಲ್ಲ. ಕೆಲಸದ ದಿನಗಳಲ್ಲಿ ಮನೆಯವರೊಬ್ಬರು ಹತ್ತಿರವೇ ಇರಬೇಕು. ಚದರ ಅಡಿಗೆ ಇಷ್ಟೆಂದು ಕೂಲಿ ಗೊತ್ತುಮಾಡುವಾಗ ಗೋಡೆಯ ಬುಡದ ಪಟ್ಟಿ, ಕೊಯ್ಯುವುದು, ಸಂದು ತುಂಬುವುದು, ಒರೆಸಿ ಕೊಡುವುದು ಅದರಲ್ಲಿ ಸೇರಿದೆಯೇ ಎಂದು ಮೊದಲೇ ಮಾತನಾಡಿ ಬರೆದಿಟ್ಟುಕೊಳ್ಳಿ. ಕೂಲಿಯನ್ನು ಹಂತಹಂತವಾಗಿ ಕೊಡಿರಿ. ಕೊನೆಯ ಪಾಲನ್ನು ಪರೀಕ್ಷೆಯ ಅನಂತರ ಕೊಡುವುದು ಕ್ರಮ.

ಪರೀಕ್ಷೆ ಇಷ್ಟೇ: ರಸಮಟ್ಟ ಇಟ್ಟು ಮಟ್ಟ ನೋಡಿರಿ. ಬಚ್ಚಲಿಗೆ ಒಂದು ಕೊಡ ನೀರು ಸುರಿದು ಎಲ್ಲಿಯೂ ನಿಲ್ಲದೆ ಹೋಗುತ್ತದೆಯೇ ನೋಡಿರಿ. ಟೈಲ್ಸನ್ನು ಮರದ ತುಂಡಿನಿಂದ ಮೆಲ್ಲಗೆ ತಟ್ಟಿರಿ. ತೆಂಗಿನಕಾಯಿ ತಟ್ಟಿ ನೋಡುವವರಿಗೆ ಟೊಳ್ಳಿನ ಸದ್ದು ಯಾವುದೆಂದು ಹೇಳಿಕೊಡಬೇಕಾಗಿಲ್ಲ. ಸದ್ದು ಬಂದ ಕಡೆ ತೆಗೆಸಿ ಮತ್ತೆ ಹಾಕಿಸಿರಿ.

ಸಿಮೆಂಟಿನ ಕೆಲಸಕ್ಕೆ ನೀರುಣಿಸುವುದೇ ಜೀವಾಳ. ಮಾರನೆಯ ದಿನದಿಂದ ಕನಿಷ್ಠ ಏಳು ದಿನ, ಹತ್ತು ದಿನವಾದರೆ ಇನ್ನೂ ಒಳ್ಳೆಯದು, ಕೋಣೆಯ ಬಾಗಿಲಿಗೆ ಮಣ್ಣಿನ ಬದು ಕಟ್ಟಿ ಗದ್ದೆಗೆ ನಿಲ್ಲಿಸುವಂತೆ ನೀರು ನಿಲ್ಲಿಸಬೇಕು. ನಾಟಿಯಾದ ಪೈರನ್ನು ಒಣಗಿಸಿದರೆ ಏನಾಗುವುದೋ ಇಲ್ಲಿಯೂ ಅದೇ ಆಗುತ್ತದೆ. ಆದುದರಿಂದ ಬೋರಿನಲ್ಲಿ ನೀರು ಕಡಿಮೆಯಾಗುವ ಕಡು ಬೇಸಗೆಗೆ ಈ ಕೆಲಸ ಇಟ್ಟುಕೊಳ್ಳದಿರುವುದು ಲೇಸು. ಸಂಕ್ರಾಂತಿ ಕಳೆದು ಶಿವರಾತ್ರಿಯ ಒಳಗೆ ಮುಗಿಸಿದರೆ ನೀರೂ ಇರುತ್ತದೆ, ಮದುವೆಯ ದಿನಗಳ ನೂಕುನುಗ್ಗಲೂ ಇರುವುದಿಲ್ಲ. ಮೂಟೆಗಳನ್ನು ಹೊಸ ನೆಲ ಪೂರ್ಣ ಒಣಗಿದ ಮೇಲೆಯೇ ಒಳಗೆ ತನ್ನಿ.

ಕೊಟ್ಟಿಗೆಯನ್ನು ಮರೆಯದಿರಿ

ಸಿಮೆಂಟು, ಜಲ್ಲಿ, ಗಾರೆಯವನು ಎಲ್ಲ ಮನೆಗೆ ಬಂದಿರುವಾಗಲೇ ಕೊಟ್ಟಿಗೆಯ ನೆಲವನ್ನೂ ಮುಗಿಸುವುದು ಲಾಭ. ಗಂಜಲದಲ್ಲಿ ನಿಂತ ಹಸುವಿಗೆ ಗೊರಸಿನ ಕಾಯಿಲೆ, ಕೆಚ್ಚಲುಬಾವು ತಪ್ಪದು. ಹಸು ನಿಲ್ಲುವ ಜಾಗಕ್ಕೆ ಕಾಂಕ್ರೀಟು ಹಾಕಿ, ಹಸಿಯಿರುವಾಗಲೇ ಜಾರದಂತೆ ಗೀರು ಎಳೆಸಿರಿ. ಗಂಜಲದ ಕಾಲುವೆಯ ಕಡೆಗೆ ಐದು ಅಡಿಗೆ ಒಂದರಿಂದ ಒಂದೂವರೆ ಅಂಗುಲ ವಾಟವಿರಲಿ. ಕಾಲುವೆಯ ತುದಿಗೊಂದು ಗುಂಡಿ ಮಾಡಿದರೆ ಗಂಜಲ ವ್ಯರ್ಥವಾಗದೆ ಗೊಬ್ಬರದ ಗುಂಡಿಗೆ ಸೇರುತ್ತದೆ. ಇಡೀ ಮನೆಯ ನೆಲದ ಖರ್ಚಿನಲ್ಲಿ ಮರಳಿ ಹಣ ತರುವ ಭಾಗ ಯಾವುದಾದರೂ ಇದ್ದರೆ ಅದು ಇದು.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಎರಡನ್ನೂ ಒಟ್ಟಿಗೆ ಹೇಳಿದ್ದಾರೆ. ಎರಡರಲ್ಲಿಯೂ ಖರ್ಚು ಕೈ ಮೀರುವುದನ್ನು ಬಲ್ಲವರ ಮಾತು ಅದು. ಈ ಪತ್ರಿಕೆಯನ್ನು ವಾಚನಾಲಯದಲ್ಲಿ ಓದುತ್ತಿರುವ ತಾವು ಇಂದು ಸಂಜೆಯೇ ಟೇಪು ಹಿಡಿದು ಕೋಣೆಗಳ ಅಳತೆ ಬರೆದಿಟ್ಟುಕೊಳ್ಳಿ, ಪ್ಲಾಸ್ಟಿಕ್ ಹಾಳೆಯ ಪರೀಕ್ಷೆಯನ್ನು ಕಾಳಿನ ಕೋಣೆಯಿಂದಲೇ ಆರಂಭಿಸಿರಿ. ಮುಂಗಾರಿನ ಬೀಜ, ಗೊಬ್ಬರದ ಹಣವನ್ನು ಬೇರೆ ಗಂಟು ಕಟ್ಟಿಟ್ಟು, ಉಳಿದದ್ದರಲ್ಲಿ ಎಷ್ಟು ಕೋಣೆಯಾಗುತ್ತದೋ ಅಷ್ಟಕ್ಕೆ ನೆಲ ಹಾಕಿಸಿರಿ. ಬೆಳೆದ ಕಾಳು ಕೆಡದೆ, ಮನೆಯ ಹಿರಿಯರು ಜಾರದೆ, ಸಾಲದವರು ಬಾಗಿಲು ತಟ್ಟದೆ ಇರುವ ಮನೆಯ ನೆಲವೇ ಒಳ್ಳೆಯ ನೆಲ.